ಬರೆದವನೂ ಅದೇ ಬಸ್ಸು ಹತ್ತಬೇಕು

ಜುಲೈ 1 ಪತ್ರಿಕಾ ದಿನ. ಉಜಿರೆ, ಮೂಡುಬಿದಿರೆಯ ತರಗತಿಗಳಲ್ಲಿ ‘ಸಾಮೀಪ್ಯ’ ಸುದ್ದಿಯ ಒಂದು ಮೌಲ್ಯ. ಬಂಟ್ವಾಳ, ಬೆಳ್ತಂಗಡಿಯ ಪೇಟೆಗಳಲ್ಲಿ ಅದಕ್ಕೆ ಬೆಲೆ ತೆರಬೇಕು. ಕಂಬಳದ ಕರೆಯಿಂದ ಕುತ್ಲೂರಿನ ಕಾಡಿನವರೆಗೆ, ಹತ್ತಿರದ ಸುದ್ದಿಯ ಕತೆ ಇದು.

ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಬದಿಯಲ್ಲಿ ನಿಂತರೆ ಮೊದಲು ಮೈಗೆ ತಾಗುವುದು ಕೆಸರು. ಓಟ ಶುರುವಾಗುವ ಗಂತಿನಿಂದ ಬಿಟ್ಟ ಜೋಡಿ, ಓಟ ಮುಗಿಯುವ ಮಂಜೊಟ್ಟಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅತ್ತಿತ್ತ ನೋಡಿದವನಿಗೆ ಪಕ್ಕದವನನ್ನು ಕೇಳುವುದೇ ಗತಿ. ಮೈಕಿನಲ್ಲಿ ತುಳುವಿನಲ್ಲಿ ಒಂದು ಮನೆತನದ ಹೆಸರು, ಓಡಿಸಿದವನ ಹೆಸರು, ಸೆಕೆಂಡಿನ ಲೆಕ್ಕ. ವರದಿಗಾರ ಮೊಣಕಾಲಿನ ಮೇಲೆ ಪುಸ್ತಕ ಇಟ್ಟು ಗೀಚುತ್ತಾನೆ. ಮುಂದಿನ ಜೋಡಿ ಆಗಲೇ ಗಂತಿನಲ್ಲಿ ನಿಂತಿರುತ್ತದೆ.

2020ರ ಫೆಬ್ರವರಿ ಆರಂಭದಲ್ಲಿ ಐಕಳದ ಕಂಬಳದಲ್ಲಿ ಹೀಗೆ ಗೀಚಿಕೊಂಡ ಒಂದು ಅಂಕಿ ಜಗತ್ತು ಸುತ್ತಿತು. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58.

ಮುಂದಿನದ್ದು ಎಲ್ಲರಿಗೂ ಗೊತ್ತು. ದೆಹಲಿಯಿಂದ ಕೇಂದ್ರ ಕ್ರೀಡಾ ಸಚಿವರು ಟ್ರಯಲ್‌ಗೆ ಕರೆದರು. ವಿದೇಶಿ ವಾಹಿನಿಗಳು ಕೋಣ ಓಡಿಸುವವನ ಮನೆ ಹುಡುಕಿದವು. ಆತ ಮಾತ್ರ ಟ್ರ್ಯಾಕಿಗೆ ಇಳಿಯುವ ಉತ್ಸಾಹ ತೋರಲಿಲ್ಲ. ಗದ್ದೆಯಲ್ಲಿ ಓಡುವುದೇ ಬೇರೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಭಾಗಾಕಾರ ಮಾಡಿದರೆ ಬೋಲ್ಟ್ ಇನ್ನೂ ಹಿಂದೆ ಬಿದ್ದ.

ಪತ್ರಿಕೋದ್ಯಮದ ಯಾವ ಮೇಷ್ಟ್ರಿಗೂ ಇದು ಬಂಗಾರದಂಥ ಪಾಠ. ಮುಂದೆ ಎರಡು ಕೋಣ ಎಳೆಯುತ್ತಿರುವಾಗ, ಹಗ್ಗ ಹಿಡಿದು ಕೆಸರಿನಲ್ಲಿ ಜಾರುತ್ತ ಓಡುವವನ ವೇಗವನ್ನು, ನಿಂತಲ್ಲಿಂದ ಒಬ್ಬನೇ ಚಿಮ್ಮುವವನ ವೇಗಕ್ಕೆ ಹೋಲಿಸಬಹುದೇ? ಭಾಗಾಕಾರ ಸರಿ, ಹೋಲಿಕೆ ತಪ್ಪು. ಊರಿನ ವರದಿಯಲ್ಲಿ ಕೋಣದ ಯಜಮಾನರ ಹೆಸರು, ಸ್ಪರ್ಧೆಯ ವಿಭಾಗ, ಕರೆಯ ಉದ್ದ ಎಲ್ಲ ಇತ್ತು. ಊರು ದಾಟಿದ ಮೇಲೆ ಅವೆಲ್ಲ ಉದುರಿ ಹೋಗಿ ಬೋಲ್ಟ್ ಒಬ್ಬ ಉಳಿದ.

ಕೋಣಗಳ ಹೆಸರಂತೂ ಯಾರಿಗೂ ಬೇಕಾಗಲೇ ಇಲ್ಲ.

ಎರಡು ಸಾಲಿನ ತಿದ್ದುಪಡಿ

ಇಂಥ ತಪ್ಪಿಗೆ ನಕ್ಕು ಬಿಡುವ ಹಕ್ಕು ನನಗಿಲ್ಲ. ತಾಲ್ಲೂಕು ವರದಿಗಾರನಾಗಿ ಕೆಲಸ ಶುರು ಮಾಡಿದ ವರ್ಷ ಒಂದು ಕಂಬಳದ ಫಲಿತಾಂಶವನ್ನು ನಾನೇ ತಿರುಗಮುರುಗ ಮಾಡಿದ್ದೆ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಆರು ವಿಭಾಗ. ಪ್ರತಿಯೊಂದರಲ್ಲೂ ಪ್ರಥಮ, ದ್ವಿತೀಯ. ಒಂದೇ ಮನೆಯ ಎರಡು ಜೋಡಿ ಇದ್ದರೆ ‘ಎ’ ಮತ್ತು ‘ಬಿ’. ನಿದ್ದೆಗೆಟ್ಟ ಬೆಳಿಗ್ಗೆ ಬರೆಯುವಾಗ ನೇಗಿಲು ಕಿರಿಯದ ಪ್ರಥಮ, ದ್ವಿತೀಯ ಅದಲು ಬದಲಾಯಿತು.

ಮರುದಿನ ಬಸ್ಸಿನಲ್ಲಿ ಗೆದ್ದ ಜೋಡಿಯ ಯಜಮಾನರು ಸಿಕ್ಕಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ನನ್ನ ಪಕ್ಕದ ಸೀಟಿನಲ್ಲಿ ಕುಳಿತು, ಮಡಚಿದ ಪೇಪರ್ ಬಿಡಿಸಿ, “ಎಂತ ಮಾರಾಯ್ರೆ, ಹುರುಳಿ ಬೇಯಿಸಿ ಹಾಕಿದ್ದು ನಾವು, ಓಡಿದ್ದು ನಮ್ಮ ಕೋಣ, ಪೇಪರಿನಲ್ಲಿ ಗೆದ್ದದ್ದು ಅವರದ್ದಾ?” ಎಂದರು. ಬಸ್ಸಿಡೀ ಕೇಳಿತು. ಇಳಿಯುವವರೆಗೂ ಅವರು ಹವೆಯ ಬಗ್ಗೆ, ಅಡಿಕೆಯ ರೇಟಿನ ಬಗ್ಗೆ ಮಾತಾಡಿದರು. ನನ್ನ ಟಿಕೆಟಿನ ದುಡ್ಡನ್ನೂ ಅವರೇ ಕೊಟ್ಟರು.

ಪತ್ರಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು, ಒಳಪುಟದ ಮೂಲೆಯಲ್ಲಿ, ಒಂದು ಜಾಹೀರಾತಿನ ಕೆಳಗೆ. ಅದನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಎಷ್ಟೋ ತಿಂಗಳು ಆ ಬಸ್ಸಿಗೆ ಮೊದಲು ಒಳಗೆ ಇಣುಕಿ ನೋಡಿಯೇ ಹತ್ತುತ್ತಿದ್ದೆ.

ಯಾವುದು ಸುದ್ದಿ, ಯಾಕೆ ಸುದ್ದಿ ಎಂದು ಕೇಳಿದ ವಿದ್ವಾಂಸರಲ್ಲಿ ಯೊಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಪ್ರಸಿದ್ಧರು. 1965ರಲ್ಲಿ ನಾರ್ವೆಯ ಪತ್ರಿಕೆಗಳಲ್ಲಿ ವಿದೇಶಿ ಸುದ್ದಿ ಹೇಗೆ ಬರುತ್ತದೆಂದು ನೋಡಿ ಅವರು ಒಂದು ಪಟ್ಟಿ ಕೊಟ್ಟರು. ಆ ಬಗೆಯ ಪಟ್ಟಿಗಳು ಬೆಳೆದು ಇಂದಿನ ಪಠ್ಯಕ್ಕೆ ಬಂದಿವೆ. ಅವುಗಳಲ್ಲಿ ‘ಸಾಮೀಪ್ಯ’ಕ್ಕೆ ಖಾಯಂ ಜಾಗ. ಹತ್ತಿರದ್ದಾದಷ್ಟೂ ಸುದ್ದಿಗೆ ತೂಕ ಹೆಚ್ಚು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಆದರೆ ಬರೆದವನೂ ಅಷ್ಟೇ ಹತ್ತಿರ ಇರುತ್ತಾನೆ, ನಾಳೆ ಅದೇ ಬಸ್ಸು ಹತ್ತುತ್ತಾನೆ ಎಂಬುದನ್ನು ಪಠ್ಯದಲ್ಲಿ ನಾನು ಕಂಡಿಲ್ಲ.

ಕಲ್ಲಚ್ಚಿನ ‘ಊರ ವರ್ತಮಾನ’

ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನ ಆಚರಿಸುವುದಕ್ಕೆ ಕಾರಣವೂ ಈ ದಕ್ಷಿಣ ಕನ್ನಡ ಜಿಲ್ಲೆಯದ್ದೇ. 1843ರ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಣ, ಪಾಕ್ಷಿಕ, ನಾಲ್ಕು ಪುಟ. ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಸರಕಾರದ ನಿರೂಪ, ದೂರದೇಶಗಳ ಸುದ್ದಿ, ನೀತಿಕತೆ ಎಲ್ಲವೂ ಅದರಲ್ಲಿದ್ದವು. ಅದರ ಜತೆಗೆ ಊರ ವರ್ತಮಾನಕ್ಕೂ ಒಂದು ಜಾಗ. ಜರ್ಮನಿಯಿಂದ ಬಂದ ಪಾದ್ರಿಗೂ ಗೊತ್ತಾಗಿತ್ತು, ಪಕ್ಕದ ಬೀದಿಯ ಸುದ್ದಿ ಇಲ್ಲದ ಕಾಗದಕ್ಕೆ ಜನ ದುಡ್ಡು ಕೊಡುವುದಿಲ್ಲ ಎಂದು.

ಬಂಟ್ವಾಳಕ್ಕೂ ಈ ಪರಂಪರೆಯಲ್ಲಿ ಪಾಲಿದೆ. 1874ರಲ್ಲಿ ಅಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಕತೆಗಳು ಮೊದಲು ಓದುಗರನ್ನು ಕಂಡದ್ದು ಮಂಗಳೂರಿನ ‘ಸುವಾಸಿನಿ’ಯಂಥ ಮಾಸಪತ್ರಿಕೆಯಲ್ಲಿ. ವಿಟ್ಲದ ಬಳಿಯ ಪೆರುವಾಯಿಯಲ್ಲಿ 1904ರಲ್ಲಿ ಹುಟ್ಟಿದ ಕಡೆಂಗೋಡ್ಲು ಶಂಕರಭಟ್ಟರು ಕವಿಯೆಂದು ಪ್ರಸಿದ್ಧರಾದರೂ ‘ರಾಷ್ಟ್ರಬಂಧು’ ವಾರಪತ್ರಿಕೆಯ ಸಂಪಾದಕರ ಕುರ್ಚಿಯಲ್ಲೂ ಕುಳಿತವರು. 1965ರ ಕಾರವಾರ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ನಾಡು ಅವರ ಕಾವ್ಯವನ್ನು ನೆನೆಯಿತು. ವಾರವಾರ ಬರೆದ ಸಂಪಾದಕೀಯಗಳನ್ನು ನೆನೆದವರು ಕಡಿಮೆ. ಪತ್ರಿಕೆಯವರ ಬರಹಕ್ಕೆ ಮರುದಿನ ಮೀನು ಕಟ್ಟುವ ಯೋಗ ಅಂತ ನಮ್ಮಲ್ಲಿ ತಮಾಷೆಯಿದೆ.

> ಕಲ್ಲಿನಿಂದ ಕ್ಲಾಸಿಗೆ
>
> 1843: ‘ಮಂಗಳೂರ ಸಮಾಚಾರ’.
>
> 1908: ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ. ತೆರೆದವರು ಪತ್ರಿಕೆಯಲ್ಲೇ ಪಳಗಿದ ವಾಲ್ಟರ್ ವಿಲಿಯಮ್ಸ್.
>
> 1912: ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಿಂದ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಇನ್ನೊಂದು ಶಾಲೆ.
>
> 1951: ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ. ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ.
>
> 1980: ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಮುಂದೆ ಕರಾವಳಿಯ ಮಕ್ಕಳಿಗೆ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಗೆ ಮೈಸೂರಿನ ದಾರಿ ಹಿಡಿಯಬೇಕಾಗಲಿಲ್ಲ.

ಗೇಟು ಕಾಯುವ ಕಂಡಕ್ಟರ್

ಫ್ಯಾಕ್ಸ್, ಇಂಟರ್‌ನೆಟ್ ಬರುವ ಮುಂಚೆ ಬಂಟ್ವಾಳದ ಬಿ.ಸಿ.ರೋಡಿನ ಬಸ್ ನಿಲ್ದಾಣ ತಾಲ್ಲೂಕು ವರದಿಗಾರನ ಕಚೇರಿಯಾಗಿತ್ತು. ಸಂಜೆಯ ಬಸ್ಸು ಬರುವ ಹೊತ್ತಿಗೆ ಕಂದು ಲಕೋಟೆ ರೆಡಿ. ಒಳಗೆ ನ್ಯೂಸ್‌ಪ್ರಿಂಟ್ ಹಾಳೆಯಲ್ಲಿ ಬರೆದ ಸುದ್ದಿ, ಕೆಲವೊಮ್ಮೆ ತೊಳೆಯದ ಫಿಲ್ಮ್ ರೋಲು. ಮೇಲೆ ದಪ್ಪಕ್ಷರದಲ್ಲಿ ‘ಪ್ರೆಸ್ ಮ್ಯಾಟರ್, ಅರ್ಜೆಂಟ್’. ಕಂಡಕ್ಟರ್ ಅದನ್ನು ಟಿಕೆಟ್ ಚೀಲಕ್ಕೆ ತುರುಕಿದರೆ ನಾಳೆ ಸುದ್ದಿ. ಕೊಡಲು ಮರೆತರೆ, ಸುದ್ದಿ ಮಂಗಳೂರು ಮುಟ್ಟಿ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿತ್ತು.

ಸಂವಹನ ಶಾಸ್ತ್ರದಲ್ಲಿ ‘ಗೇಟ್‌ಕೀಪರ್’ ಎಂಬ ಸಿದ್ಧಾಂತವಿದೆ. ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಧ್ಯಾಪಕ ಅಮೆರಿಕದ ಒಂದು ನಗರದ ಪತ್ರಿಕೆಯ ಸುದ್ದಿ ಸಂಪಾದಕನ ಮೇಜಿಗೆ ತಂತಿಯಲ್ಲಿ ಬಂದ ಸುದ್ದಿಗಳನ್ನು ಒಂದು ವಾರ ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದ. ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಸದ ಬುಟ್ಟಿಗೆ ಹೋಗಿತ್ತು. ಯಾಕೆಂದು ಕೇಳಿದಾಗ ಆ ಸಂಪಾದಕ ಕೊಟ್ಟ ಕಾರಣಗಳಲ್ಲಿ ಎಷ್ಟೋ ಅವನ ಸ್ವಂತ ಇಷ್ಟಾನಿಷ್ಟ. ಕ್ಲಾಸಿನಲ್ಲಿ ಇದನ್ನು ಓದಿದ ದಿನ ನನಗೆ ಕಂಡದ್ದು ಖಾಕಿ ಅಂಗಿಯ ನಮ್ಮ ಕಂಡಕ್ಟರ್.

ದುಡ್ಡಿನ ಮಾತನ್ನೂ ಹೇಳಿಬಿಡಬೇಕು. ಬಿಡಿ ಸುದ್ದಿಗಾರನಿಗೆ ಸಂಬಳವಿಲ್ಲ. ಅಚ್ಚಾದ ಸುದ್ದಿಯನ್ನು ಸ್ಕೇಲಿನಲ್ಲಿ ಅಳೆದು, ಇಂತಿಷ್ಟು ಸೆಂಟಿಮೀಟರಿಗೆ ಇಂತಿಷ್ಟು ಎಂಬ ಲೆಕ್ಕ. ತಿಂಗಳ ಕೊನೆಗೆ ಮನೆಯಲ್ಲಿ ಕತ್ತರಿ, ಗೋಂದು, ಸ್ಕೇಲು ಹಿಡಿದು ತನ್ನ ಸುದ್ದಿಯನ್ನೇ ಬಟ್ಟೆಯ ಹಾಗೆ ಅಳೆಯುವ ಕೆಲಸ. ಜಾತ್ರೆಯ ಪುರವಣಿಗೆ ಜಾಹೀರಾತು ತಂದರೆ ಸ್ವಲ್ಪ ಕಮಿಷನ್. ಬೆಳಿಗ್ಗೆ ಪಂಚಾಯಿತಿಯ ಚರಂಡಿ ಕಾಮಗಾರಿಯ ಬಗ್ಗೆ ಬರೆದು, ಮಧ್ಯಾಹ್ನ ಅದೇ ಗುತ್ತಿಗೆದಾರನ ಬಳಿ ಶುಭಾಶಯದ ಜಾಹೀರಾತು ಕೇಳುವ ಸಂಕಟ ಅನುಭವಿಸಿದವರಿಗೆ ಗೊತ್ತು. ಇದರ ನಡುವೆಯೂ ಒಳ್ಳೆಯ ಗ್ರಾಮೀಣ ವರದಿ ಹುಟ್ಟುತ್ತದೆ. ಹಿರಿಯ ಪತ್ರಕರ್ತ ಪದ್ಯಾಣ ಗೋಪಾಲಕೃಷ್ಣರ ನೆನಪಿನ ‘ಪ.ಗೋ. ಪ್ರಶಸ್ತಿ’ಯನ್ನು ಜಿಲ್ಲೆಯ ಪತ್ರಕರ್ತರ ಸಂಘ ಕೊಡುವುದು ಇಂಥ ವರದಿಗೇ.

ದೊಡ್ಡ ಪತ್ರಿಕೆಗಳು ತಾಲ್ಲೂಕಿಗೆ ಅರ್ಧ ಪುಟ ಕೊಡಲು ಯೋಚಿಸುತ್ತಿದ್ದ ಕಾಲದಲ್ಲೇ ಡಾ. ಯು.ಪಿ. ಶಿವಾನಂದರ ‘ಸುದ್ದಿ ಬಿಡುಗಡೆ’ ಒಂದಿಡೀ ತಾಲ್ಲೂಕಿಗೆ ಒಂದು ಪತ್ರಿಕೆ ಎಂಬ ಲೆಕ್ಕ ಹಾಕಿತು. ಸುಳ್ಯ, ಪುತ್ತೂರು, ಬೆಳ್ತಂಗಡಿ. ಮದುವೆ, ಉತ್ತರಕ್ರಿಯೆ, ಬ್ರಹ್ಮಕಲಶ, ಗ್ರಾಮಸಭೆಯ ಜಗಳ, ಬಾವಿಗೆ ಬಿದ್ದ ದನ. ಬೆಂಗಳೂರಿನ ಮೇಜಿನಲ್ಲಿ ಬುಟ್ಟಿ ಸೇರುವ ಸುದ್ದಿಯೇ ಇಲ್ಲಿ ಮುಖಪುಟ. ಇದೆಂಥ ಪತ್ರಿಕೋದ್ಯಮ ಎಂದು ಮೂಗು ಮುರಿದವರಿದ್ದರು. ಅವರ ಮನೆಗೂ ಪೇಪರ್ ಬರುತ್ತಿತ್ತು.

ಸ್ಟುಡಿಯೋ ಇದೆ, ಸುದ್ದಿ?

ಈಗ ಉಜಿರೆಗೆ ಹೋಗಿ. ಬೆಳ್ತಂಗಡಿ ತಾಲ್ಲೂಕಿನ ಈ ಊರಿನಲ್ಲಿ 1966ರಿಂದ ಇರುವ ಎಸ್‌ಡಿಎಂ ಕಾಲೇಜಿನಲ್ಲಿ ಪತ್ರಿಕೋದ್ಯಮ ಪದವಿಗೂ ಇದೆ, ಸ್ನಾತಕೋತ್ತರಕ್ಕೂ ಇದೆ. ಸ್ಟುಡಿಯೋ ಇದೆ, ‘ರೇಡಿಯೋ ನಿನಾದ’ ಎಂಬ ಸಮುದಾಯ ಬಾನುಲಿ ಇದೆ. ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಬಂದರೆ ವಿದ್ಯಾಗಿರಿಯಲ್ಲಿ ಡಾ. ಎಂ. ಮೋಹನ ಆಳ್ವರ ಆಳ್ವಾಸ್. ಅಲ್ಲಿಯೂ ಪದವಿ, ಸ್ನಾತಕೋತ್ತರ. ಆಳ್ವಾಸ್ ವಿರಾಸತ್, ಹಿಂದೆ ನುಡಿಸಿರಿ ಎಂದರೆ ಸಾವಿರಾರು ಜನರ ನಡುವೆ ಕ್ಯಾಮರಾ ಹಿಡಿದು ಓಡಾಡುವ ಅವಕಾಶ. ಮಹಾನಗರದ ಎಷ್ಟೋ ವಿದ್ಯಾರ್ಥಿಗಳಿಗೆ ಇಂಥ ಪ್ರಯೋಗಶಾಲೆ ಇಲ್ಲ.

ವಿಷಯದ ಹೆಸರೂ ಬೆಳೆದಿದೆ. ಮೊದಲು ‘ಪತ್ರಿಕೋದ್ಯಮ’, ಈಗ ‘ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ’. ಜಾಹೀರಾತು, ಸಾರ್ವಜನಿಕ ಸಂಪರ್ಕ, ಸಿನಿಮಾ, ಸಾಮಾಜಿಕ ಜಾಲತಾಣ ಎಲ್ಲವೂ ಒಂದೇ ಛತ್ರಿಯ ಕೆಳಗೆ. ವರದಿ ಬರೆಯುವವನೂ ವರದಿ ಬಾರದಂತೆ ನೋಡಿಕೊಳ್ಳುವವನೂ ಒಂದೇ ಬೆಂಚಿನಲ್ಲಿ ಕಲಿಯುತ್ತಾರೆ ಎಂದು ಹಳಬರು ಗೊಣಗುತ್ತಾರೆ. ನನಗೆ ಅದರಲ್ಲಿ ದೊಡ್ಡ ಆಕ್ಷೇಪವಿಲ್ಲ. ಕನ್ನಡದ ಪದದಲ್ಲೇ ‘ಉದ್ಯಮ’ ಕುಳಿತಿದೆ, ನಾವೇ ಕೂರಿಸಿದ್ದು.

ನನ್ನ ತಕರಾರು ಬೇರೆ. ಕ್ಯಾಂಪಸ್ಸಿನ ಉತ್ಸವವನ್ನು ವರದಿ ಮಾಡುವ ಹುಡುಗನಿಗೆ ಯಾರೂ ಎದುರಾಡುವುದಿಲ್ಲ. ಎಲ್ಲರೂ ನಗುತ್ತ ಬೈಟ್ ಕೊಡುತ್ತಾರೆ. ಗೇಟು ದಾಟಿ ನಾಲ್ಕು ಕಿಲೋಮೀಟರ್ ಹೋಗಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ಅಕ್ಕಿಯ ತೂಕ ಕೇಳಿದಾಗ ಸಿಗುವ ಮುಖವೇ ಬೇರೆ. ಎರಡನೆಯದ್ದು ಪಾಠಪಟ್ಟಿಯಲ್ಲಿ ಎಷ್ಟಿದೆ ಎಂಬುದು ನನ್ನ ಪ್ರಶ್ನೆ.

ಅಂಥ ಕಲಿಕೆಗೆ ತರಗತಿಯೇ ಬೇಕೆಂದಿಲ್ಲ ಎಂದು ತೋರಿಸಿದ ಪ್ರಯೋಗ ಪಕ್ಕದ ಪುತ್ತೂರಿನಲ್ಲಿದೆ. 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ರೈತರನ್ನೇ ಕೂರಿಸಿ ಬರೆಯಲು ಕಲಿಸಿದರು. ತೋಟದಲ್ಲಿ ಕೆಲಸ ಮಾಡುವವನೇ ತೋಟದ ವರದಿಗಾರ. ಸಾಮೀಪ್ಯ ಇದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ.

> ಮೂಡುಬಿದಿರೆಯ ‘ಲೀಕ್’
>
> ದಾಖಲೆ ಸೋರಿಕೆಯ ಕತೆ ಬೇಕೆಂದರೆ ವಾಷಿಂಗ್ಟನ್‌ಗೆ ಹೋಗಬೇಕಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಅಪೂರ್ವ ತಾಳೆಗರಿ ಪ್ರತಿಗಳಿದ್ದವು. ದರ್ಶನಕ್ಕಷ್ಟೇ ಇದ್ದ ಅವುಗಳ ನಕಲು ಮಾಡುವ ಕೆಲಸ 19ನೇ ಶತಮಾನದ ಕೊನೆಗೆ ಶುರುವಾಯಿತು, ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟುಪಾಡಿನೊಂದಿಗೆ. ನಕಲುಗಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ತಯಾರಾಯಿತು; ಬರೆಯುವುದರಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರ ಕೈಯಿತ್ತು. ಅದು ಉತ್ತರದ ಸಹಾರನ್‌ಪುರ ಸೇರಿ, ಅಲ್ಲಿಂದ ಮತ್ತೆ ನಕಲಾಯಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲದ ಮೊದಲ ಸಂಪುಟ ಅಚ್ಚಾಗಿ ಬಂತು.

ಕೊಕ್ಕಡದ ಮನೆಗಳು

ಶ್ರೀಪಡ್ರೆಯವರ ಹೆಸರು ಬಂದ ಮೇಲೆ ಎಂಡೋಸಲ್ಫಾನ್ ಬಾರದೆ ಇರದು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕದ ಬಗ್ಗೆ, ಅಂಗ ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಅವರು ಬಹಳ ಹಿಂದೆಯೇ ಬರೆದಿದ್ದರು. ದೇಶಕ್ಕೆ ಅರ್ಥವಾಗಲು ದಶಕಗಳು ಬೇಕಾದವು.

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯಲ್ಲಿಯೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಅದೇ ಸಿಂಪಡಣೆ ನಡೆದಿತ್ತು. ಮನೆಮನೆಯಲ್ಲಿ ಎದ್ದು ನಿಲ್ಲಲಾರದ ಮಕ್ಕಳು. ಆ ಮನೆಗಳಿಗೆ ಮೊದಲು ಹೋದವರು ತಾಲ್ಲೂಕಿನ ವರದಿಗಾರರು. ಎರಡನೆಯ ಸಲ, ಐದನೆಯ ಸಲ ಹೋದವರೂ ಅವರೇ. ಒಂದು ಸಲ ಹೋಗಿ ಫೋಟೊ ತೆಗೆಯುವುದು ಸುಲಭ. ಅದೇ ತಾಯಿಯ ಮುಂದೆ ಮತ್ತೆ ನಿಂತು “ಕಳೆದ ಸಲ ಬರೆದದ್ದರಿಂದ ಏನೂ ಆಗಲಿಲ್ಲ” ಎಂದು ಒಪ್ಪಿಕೊಳ್ಳಲು ಬೇರೆಯೇ ಗಟ್ಟಿತನ ಬೇಕು. ಸಂತ್ರಸ್ತರೇ ಸಂಘಟಿತರಾಗಿ ಹೋರಾಡಿದರು. 2010ರಲ್ಲಿ ರಾಜ್ಯ ಸರಕಾರದಿಂದ ಪರಿಹಾರ ಶುರುವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಸಾಕ್ಷ್ಯ: ಪೇಪರ್ ಕಟಿಂಗ್

ಬೆಳ್ತಂಗಡಿಯಿಂದ ನಾರಾವಿಯ ಕಡೆ ಹೋದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಕುತ್ಲೂರು. ಮಲೆಕುಡಿಯರ ಮನೆಗಳು. ಅಲ್ಲಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಪತ್ರಿಕೋದ್ಯಮ ಕಲಿಯಲು ಬಂದ ಹುಡುಗ ವಿಠಲ ಮಲೆಕುಡಿಯ.

2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆ ಅವರನ್ನೂ ತಂದೆ ಲಿಂಗಪ್ಪ ಮಲೆಕುಡಿಯರನ್ನೂ ಬಂಧಿಸಿತು. ದೇಶದ್ರೋಹದ ಆರೋಪ, ಜತೆಗೆ ಯುಎಪಿಎ ಕಾಯ್ದೆ. ವಶಪಡಿಸಿಕೊಂಡ ವಸ್ತುಗಳಲ್ಲಿ ಇದ್ದದ್ದು ಭಗತ್ ಸಿಂಗ್ ಪುಸ್ತಕ, ಊರಿಗೆ ಮೂಲಸೌಕರ್ಯ ಕೊಡುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಒಂದು ಪತ್ರ, ಕೆಲವು ಪತ್ರಿಕಾ ತುಣುಕುಗಳು.

ಪತ್ರಿಕಾ ತುಣುಕು! ಪತ್ರಿಕೋದ್ಯಮದ ವಿದ್ಯಾರ್ಥಿಯ ಬಳಿ ಪೇಪರ್ ಕಟಿಂಗ್ ಇಲ್ಲದಿದ್ದರೆ ಮೇಷ್ಟ್ರು ಬೈಯಬೇಕು. ಕೈಗೆ ಕೋಳ ಹಾಕಿ ಆತನನ್ನು ಪರೀಕ್ಷೆಗೆ ಕರೆತಂದ ಚಿತ್ರ ಆಗ ಪತ್ರಿಕೆಗಳಲ್ಲಿ ಬಂತು. ನೋಡಿದವರ ಹೊಟ್ಟೆ ಚುರ್ರೆಂದಿತು.

ಜಾಮೀನು ಸಿಕ್ಕಿತು, ಓದು ಮುಗಿಯಿತು. ಮೊಕದ್ದಮೆ ಮುಗಿಯಲಿಲ್ಲ. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ತಂದೆ, ಮಗ ಇಬ್ಬರನ್ನೂ ಖುಲಾಸೆಗೊಳಿಸಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದಾಗಲಿ, ಪತ್ರಿಕೆ ಓದುವುದಾಗಲಿ ಕಾನೂನಿನಲ್ಲಿ ನಿಷಿದ್ಧವಲ್ಲ. ಆ ಪತ್ರದಲ್ಲಿರುವುದು ಸ್ಥಳೀಯರ ಬೇಡಿಕೆಗಳು ಎಂದಿತು. ಆ ಹೊತ್ತಿಗೆ ವಿಠಲ ಕನ್ನಡ ದಿನಪತ್ರಿಕೆಯೊಂದರ ವರದಿಗಾರರಾಗಿದ್ದರು.

ಒಂಬತ್ತೂವರೆ ವರ್ಷ. ಮೂರು ಬ್ಯಾಚು ವಿದ್ಯಾರ್ಥಿಗಳು ಬಿಎ ಮುಗಿಸುವಷ್ಟು ಕಾಲ.

ಹೆಸರು ಬರೆಯಬೇಕೇ, ಬೇಡವೇ?

ಮಳೆಗಾಲದಲ್ಲಿ ಬಂಟ್ವಾಳದ ವರದಿಗಾರನ ದಿನ ನದಿಯಿಂದ ಶುರು. ನೇತ್ರಾವತಿ ಎಷ್ಟು ಮೀಟರ್? ಅಪಾಯದ ಮಟ್ಟ 8.5. ಇದು ನೇರ ಲೆಕ್ಕ. ಅಳತೆ ಪಟ್ಟಿ ನೋಡಿ ಬರೆದರಾಯಿತು.

2017ರ ಮಳೆಗಾಲದಲ್ಲಿ ಲೆಕ್ಕ ಅಷ್ಟು ಸುಲಭವಿರಲಿಲ್ಲ. ಕಲ್ಲಡ್ಕ, ಬಿ.ಸಿ.ರೋಡು ಸುತ್ತ ಇರಿತ, ಕೊಲೆ, ನಿಷೇಧಾಜ್ಞೆ. ಸತ್ತವನ ಹೆಸರು ಬರೆದರೆ ಧರ್ಮ ಗೊತ್ತಾಗುತ್ತದೆ. ಬರೆಯದಿದ್ದರೆ ವಾಟ್ಸ್ಆ್ಯಪ್ ಬರೆಯುತ್ತದೆ, ಜತೆಗೆ ನಾಲ್ಕು ಸುಳ್ಳು ಸೇರಿಸಿ. ಹಳೆಯ ಪದ್ಧತಿಯಲ್ಲಿ ‘ಎರಡು ಕೋಮುಗಳ ನಡುವೆ’ ಎಂದು ಬರೆದು ಸುಮ್ಮನಾಗುತ್ತಿದ್ದೆವು. ಈಗ ಹಾಗೆ ಬರೆದರೆ ಓದುಗ ಖಾಲಿ ಜಾಗವನ್ನು ತನ್ನ ಸಿಟ್ಟಿನಿಂದ ತುಂಬಿಕೊಳ್ಳುತ್ತಾನೆ. ಹೆಸರು, ಊರು, ಸಮಯ, ಪೊಲೀಸರು ಹೇಳಿದ್ದು, ಹೇಳದೆ ಇದ್ದದ್ದು ಎಲ್ಲವನ್ನೂ ವಿಶೇಷಣ ಸೇರಿಸದೆ ಬೇಗ ಬರೆಯುವುದೇ ಮೇಲು ಎಂದು ನನಗೆ ಈಗ ಅನಿಸುತ್ತದೆ. ಒಪ್ಪದ ಹಿರಿಯರಿದ್ದಾರೆ. ಅವರೂ ಅದೇ ಪೇಟೆಯಲ್ಲಿ ಬದುಕುವವರು. ಅವರ ಭಯ ಸುಳ್ಳಲ್ಲ. 2025ರ ಮೇ ಕೊನೆಗೆ ಬಂಟ್ವಾಳದಲ್ಲಿ ಮತ್ತೆ ರಕ್ತ ಹರಿದಾಗ ಅದೇ ಚರ್ಚೆ ಮತ್ತೆ ಶುರುವಾಯಿತು.

ಎರಡೇ ತಿಂಗಳಿಗೆ ಕ್ಯಾಮರಾಗಳೆಲ್ಲ ಧರ್ಮಸ್ಥಳಕ್ಕೆ ತಿರುಗಿದವು. ಹಲವು ಶವಗಳನ್ನು ಹೂತಿದ್ದೆ ಎಂಬ ಮಾಜಿ ನೈರ್ಮಲ್ಯ ಕಾರ್ಮಿಕರೊಬ್ಬರ ದೂರು, ಸರಕಾರದ ವಿಶೇಷ ತನಿಖಾ ತಂಡ, ಜುಲೈ ಕೊನೆಗೆ ನೇತ್ರಾವತಿ ದಂಡೆಯಲ್ಲಿ ಅಗೆತ, ಆಗಸ್ಟ್ 23ರಂದು ದೂರುದಾರನದ್ದೇ ಬಂಧನ. ಪ್ರಕರಣದ ಒಳಹೊರಗು ಈ ಲೇಖನದ ವಿಷಯವಲ್ಲ. ವರದಿಗಾರಿಕೆಗೆ ಏನಾಯಿತು ಎಂಬುದು ಮಾತ್ರ ವಿಷಯ. ಸಾವಿರಾರು ಲಿಂಕುಗಳನ್ನು ತೆಗೆಯಬೇಕೆಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯ ಆದೇಶಿಸಿತು. ಯೂಟ್ಯೂಬ್ ವಾಹಿನಿಯೊಂದರ ಅರ್ಜಿಯ ಮೇಲೆ ಆಗಸ್ಟ್ 1ರಂದು ಹೈಕೋರ್ಟ್ ಅದನ್ನು ರದ್ದುಪಡಿಸಿ, ಹೊಸದಾಗಿ ಪರಿಶೀಲಿಸಲು ಹೇಳಿತು. ಆಗಸ್ಟ್ 6ರಂದು ಯೂಟ್ಯೂಬರ್‌ಗಳ ಮೇಲೆ ಗುಂಪು ಹಲ್ಲೆ ನಡೆಯಿತು. ಮೊಬೈಲ್ ಹಿಡಿದವನು ಪತ್ರಕರ್ತನೇ ಎಂಬ ಪ್ರಶ್ನೆ ಟೀ ಅಂಗಡಿಗೂ ಬಂತು.

ಗುರುತಿನ ಚೀಟಿ ಕೇಳುವವರಿಗೆ ನಾನು ಹೇಳುವುದಿಷ್ಟೆ. ಯಾರು ಹೇಳಿದರು, ಇನ್ಯಾರು ಹೇಳಿದರು, ಕಾಗದದಲ್ಲಿ ಏನಿದೆ ಎಂದು ಮೂರು ಸಲ ಕೇಳಿ ಬರೆದವನ ಬಳಿ ಚೀಟಿ ಇಲ್ಲದಿದ್ದರೂ ಅವನು ಪತ್ರಕರ್ತ. ಕೇಳದವನ ಕೊರಳಲ್ಲಿ ಹತ್ತು ಚೀಟಿ ನೇತಾಡಿದರೂ ಅಲ್ಲ. ಉಜಿರೆಯ ತರಗತಿಯಿಂದ ಆ ಅಗೆತದ ಜಾಗಕ್ಕೆ ಹತ್ತು ಕಿಲೋಮೀಟರ್ ಆಸುಪಾಸು. ಆ ಕಾಲೇಜು ಧರ್ಮಸ್ಥಳ ಕ್ಷೇತ್ರದ್ದೇ ಶಿಕ್ಷಣ ಸಂಸ್ಥೆ. ಸಾಮೀಪ್ಯದ ಪಾಠಕ್ಕೆ ಇಷ್ಟು ಕಠಿಣ ಉದಾಹರಣೆಯನ್ನು ಯಾವ ವಿದೇಶಿ ಪಠ್ಯವೂ ಕೊಡಲಾರದು.

ಕಡಲಕೆರೆಯಲ್ಲಿ ಒಂದು ಬೆಳಿಗ್ಗೆ

ಕಳೆದ ಚಳಿಗಾಲ ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ ಕಂಬಳಕ್ಕೆ ಇಂಟರ್ನ್‌ಶಿಪ್ಪಿನ ಹುಡುಗಿಯೊಬ್ಬಳು ನನ್ನ ಜತೆ ಬಂದಿದ್ದಳು. ಕೈಯಲ್ಲಿ ಗಿಂಬಲ್, ಕಿವಿಯಲ್ಲಿ ತಂತಿ. ರಾತ್ರಿಯಿಡೀ ರೀಲ್ಸ್ ಹಾಕುತ್ತಿದ್ದಳು. ಫೈನಲ್ ಮುಗಿದು ಬೆಳಕು ಹರಿಯುವಾಗ ನಾನು ಬೇರೇನೂ ಹೇಳದೆ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ.

ಅವಳು ಹೋಗಿ ಕೋಣಗಳ ಮೈ ಒರೆಸುತ್ತಿದ್ದ ಒಬ್ಬ ಮುದುಕರ ಮುಂದೆ ನಿಂತಳು. ಮನೆತನದ ಹೆಸರು ಕೇಳಿದಳು. ಬರೆದುಕೊಂಡಳು. ಒಂದು ಕ್ಷಣ ಯೋಚಿಸಿ, ಪುಸ್ತಕವನ್ನೂ ಪೆನ್ನನ್ನೂ ಅವರ ಕೈಗೇ ಕೊಟ್ಟಳು.

“ನೀವೇ ಬರೀರಿ ಅಜ್ಜ. ನಂದು ತಪ್ಪಾಗ್ತದೆ.”

ಅಜ್ಜ ಬೈರಾಸಿನಲ್ಲಿ ಕೈ ಒರೆಸಿಕೊಂಡರು. ನಿಧಾನವಾಗಿ, ಒತ್ತಕ್ಷರಕ್ಕೆ ಒತ್ತು ಕೊಟ್ಟು ಬರೆದರು. ಮನೆಯ ಹೆಸರು. ಅಪ್ಪನ ಹೆಸರು. ತನ್ನದು. ಓಡಿಸಿದ ಹುಡುಗನದ್ದು. ಕೊನೆಗೆ, ಯಾರೂ ಕೇಳದೆ ಇದ್ದರೂ, ಎರಡು ಕೋಣಗಳ ಹೆಸರು.

“ಇದು ಯಾವಾಗ ಬರ್ತದೆ ಮಗಾ?”

“ಈಗಲೇ ಅಜ್ಜ, ಫೋನಿನಲ್ಲಿ.”

“ಅದು ಬೇಡ. ಪೇಪರಿನಲ್ಲಿ?”

ಅವಳು ನನ್ನ ಮುಖ ನೋಡಿದಳು. ನಾಳೆ ಎಂದೆ.

“ಹಾಗಾದರೆ ಒಂದು ಕಟಿಂಗ್ ತೆಗೆದಿಡು” ಎಂದು ಅಜ್ಜ ಕೋಣಗಳ ಕಡೆ ತಿರುಗಿದರು.